ಬಿಟಿ ಬದನೆಗೆ ತಡೆ ಬಿದ್ದ ಬಗೆ

ಬದನೆ ಗಿಡದ ಕುಡಿ ಬಾಡಿ ಜೋತುಬಿತ್ತೆಂದರೆ ಬೆಳೆಗಾರರಿಗೆ ಬೇರೆ ಸುಳಿವು ಬೇಕಿಲ್ಲ. ಚಿವುಟಿ ಸೀಳಿದರೆ ಒಳಗೆ ನಸುಗೆಂಪು ಹುಳ. ಕಾಯಿ ಬಿಟ್ಟಾಗ ಅದು ಕಾಯಿಯನ್ನೂ ಕೊರೆದು ಒಳಹೊಗುತ್ತದೆ. ಹೊಕ್ಕ ಮೇಲೆ ಹೊರಗೆ ಹೊಡೆದ ಔಷಧಿ ಅದಕ್ಕೆ ತಾಗುವುದಿಲ್ಲ. ಹಾಗಾಗಿ ಹುಳ ಕಾಣುವ ಮೊದಲೇ ಹೊಡೆಯುವುದು, ಮತ್ತೆ ಮತ್ತೆ ಹೊಡೆಯುವುದು ರೂಢಿಯಾಯಿತು. ಕುಲಾಂತರಿ ಬದನೆ ಹುಟ್ಟಿದ್ದು ಈ ಕಾಯಿಕೊರಕಕ್ಕೆ ಉತ್ತರವಾಗಿ.

ಬಿಟಿ ಎಂದು ಕರೆಯುವ ಮಣ್ಣಿನ ಬ್ಯಾಕ್ಟೀರಿಯಾ ಬ್ಯಾಸಿಲಸ್ ತುರಿಂಜಿಯೆನ್ಸಿಸ್‌ನ ಒಂದು ವಂಶವಾಹಿಯನ್ನು ಗಿಡಕ್ಕೆ ಸೇರಿಸಿದರೆ, ಗಿಡ ತಾನೇ ತಯಾರಿಸುವ ಪ್ರೋಟೀನು ಹುಳದ ಕರುಳನ್ನು ತೂತುಮಾಡುತ್ತದೆ. ಮಹಿಕೋ ಕಂಪನಿ ಇದನ್ನು ತನ್ನ ಹೈಬ್ರಿಡ್‌ಗಳಿಗೆ ಸೇರಿಸಿತು. ಧಾರವಾಡದ ಕೃಷಿ ವಿಶ್ವವಿದ್ಯಾಲಯ ನಮ್ಮ ನಾಟಿ ತಳಿಗಳನ್ನು ಕೈಗೆತ್ತಿಕೊಂಡಿತು. ಮಲಾಪುರ, ಕುಡಚಿಯ ಬದನೆಗಳ ಜೊತೆ ಉಡುಪಿಯ ಗುಳ್ಳವೂ ಆ ಪಟ್ಟಿಯಲ್ಲಿತ್ತು.

ಕರಾವಳಿಯಲ್ಲಿ ಕಾವು ಏರಿದ್ದು ಗುಳ್ಳ ಆ ಪಟ್ಟಿಗೆ ಸೇರಿದ್ದರಿಂದ. ಕಟಪಾಡಿ ಬಳಿಯ ಮಟ್ಟು ಗ್ರಾಮದ ಗುಳ್ಳವೆಂದರೆ ತಿಳಿಹಸಿರು ಬಣ್ಣ, ಬಿಳಿ ಗೆರೆ, ತೆಳು ಸಿಪ್ಪೆ. ಬೀಜ ಕೊಟ್ಟವರು ಯತಿ ವಾದಿರಾಜರೆಂಬುದು ಊರಿನ ನಂಬಿಕೆ. ಉಡುಪಿ ಕೃಷ್ಣಮಠದ ಪರ್ಯಾಯೋತ್ಸವದ ಅಡುಗೆಗೂ ಅದೇ ಬೇಕು, ಮನೆಯ ಕೊದ್ದೆಲಿಗೂ ಅದೇ ಬೇಕು. 2011ರಲ್ಲಿ ಅದಕ್ಕೆ ಭೌಗೋಳಿಕ ಸೂಚ್ಯಂಕವೂ ಸಿಕ್ಕಿತು. ತಲೆಮಾರುಗಳಿಂದ ಬೀಜ ಕಾಯ್ದವರನ್ನು ಒಂದು ಮಾತು ಕೇಳದೆ ಅದನ್ನು ಪ್ರಯೋಗಶಾಲೆಗೆ ಒಯ್ಯಬಹುದೇ? ಇಡೀ ವಿವಾದದಲ್ಲಿ ನನಗೆ ಅತ್ಯಂತ ಗಟ್ಟಿಯಾಗಿ ಕಾಣುವ ಪ್ರಶ್ನೆ ಇದು. ಆರೋಗ್ಯದ ಭಯಕ್ಕೆ ವಿಜ್ಞಾನಿಗಳು ಅಂಕಿಅಂಶ ತಂದು ಉತ್ತರಿಸಬಹುದು. ಈ ಪ್ರಶ್ನೆಗೆ ಅಂಕಿಅಂಶ ಸಾಲದು. ಜೀವವೈವಿಧ್ಯ ಕಾಯ್ದೆಯನ್ನು ಮೀರಲಾಗಿದೆ ಎಂಬ ದೂರು ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದವರೆಗೆ ಹೋಯಿತು, ಮುಂದೆ ಮೊಕದ್ದಮೆಯೂ ಆಯಿತು.

2009ರ ಅಕ್ಟೋಬರ್ 14ರಂದು ಕೇಂದ್ರದ ತಜ್ಞ ಸಮಿತಿ ಬಿಟಿ ಬದನೆಗೆ ಒಪ್ಪಿಗೆ ಕೊಟ್ಟಿತ್ತು. ಪರಿಸರ ಸಚಿವ ಜೈರಾಮ್ ರಮೇಶ್ ಅಷ್ಟಕ್ಕೇ ಸಹಿ ಹಾಕಲಿಲ್ಲ. ಏಳು ನಗರಗಳಲ್ಲಿ ಸಾರ್ವಜನಿಕ ಅಹವಾಲು ಸಭೆ ನಡೆಸಿದರು, ಕೊನೆಯದು ಬೆಂಗಳೂರಿನಲ್ಲಿ. ಕರ್ನಾಟಕವೂ ಸೇರಿ ಹಲವು ರಾಜ್ಯಗಳು ಆಕ್ಷೇಪ ತಿಳಿಸಿದವು. 2010ರ ಫೆಬ್ರುವರಿ 9ರಂದು ತಡೆ ಘೋಷಣೆಯಾಯಿತು. ಸ್ವತಂತ್ರ ಪರೀಕ್ಷೆಗಳಿಂದ ಸುರಕ್ಷತೆ ಮನವರಿಕೆಯಾಗುವವರೆಗೆ ಎಂಬ ಷರತ್ತಿನೊಂದಿಗೆ.

ಆ ತಡೆ ಸರಿಯೆಂದೇ ನನ್ನ ಅಭಿಪ್ರಾಯ. 2002ರಲ್ಲಿ ಬಂದ ಬಿಟಿ ಹತ್ತಿಗೆ ಗುಲಾಬಿ ಕಾಯಿಕೊರಕ ಕೆಲವೇ ವರ್ಷಗಳಲ್ಲಿ ಒಗ್ಗಿಕೊಂಡದ್ದನ್ನು ನೋಡಿದವರಿಗೆ ಆತುರ ಸಲ್ಲದೆಂದು ಅನಿಸುವುದು ಸಹಜ. ಹಾಗೆಂದು ಇನ್ನೊಂದು ಮುಖವನ್ನು ಮುಚ್ಚಿಡಲಾಗದು. 2013ರಲ್ಲಿ ಅನುಮತಿ ಕೊಟ್ಟ ಬಾಂಗ್ಲಾದೇಶದಲ್ಲಿ ಬಿಟಿ ಬದನೆ ಬೆಳೆದವರ ಕೀಟನಾಶಕ ಬಳಕೆ ತಗ್ಗಿದ್ದನ್ನು ಅಧ್ಯಯನಗಳು ದಾಖಲಿಸಿವೆ. ನಮ್ಮ ಬೆಳೆಗಾರರ ಬೆನ್ನ ಮೇಲಿನ ಸ್ಪ್ರೇಯರ್ ಮಾತ್ರ ಇಳಿದಿಲ್ಲ.

ಬೇರೆ ದಾರಿ ಇಲ್ಲವೆಂದಲ್ಲ. ಬಾಡಿದ ಕುಡಿಗಳನ್ನು ವಾರವಾರ ಚಿವುಟಿ ನಾಶಮಾಡಬೇಕು, ಗಂಡು ಪತಂಗಗಳಿಗೆ ಮೋಹಕ ಬಲೆ ಕಟ್ಟಬೇಕು, ಕಿತ್ತ ಹಳೇ ಗಿಡಗಳನ್ನು ಬದುವಿನಲ್ಲಿ ರಾಶಿ ಹಾಕಬಾರದು. ಆದರೆ ಒಬ್ಬರು ಮಾಡಿ ಪಕ್ಕದ ಹೊಲದವರು ಬಿಟ್ಟರೆ ಪತಂಗ ಹಾರಿ ಬರುತ್ತದೆ. ಊರಿಗೆ ಊರೇ ಒಟ್ಟಾಗಿ, ಒಂದೇ ಹಂಗಾಮಿನಲ್ಲಿ ಮಾಡಬೇಕಾದ ಕೆಲಸವಿದು. ಅದಕ್ಕೆ ಬೆಳೆಗಾರರನ್ನು ಕೂಡಿಸುವ ಹೊಣೆ ಕೃಷಿ ಇಲಾಖೆ, ತೋಟಗಾರಿಕೆ ಇಲಾಖೆ ಮತ್ತು ನಮ್ಮ ಕೃಷಿ ವಿಶ್ವವಿದ್ಯಾಲಯಗಳದು.