ಬಿಟ್‌ಕಾಯಿನ್‌ನ ಆರಂಭಿಕ ಬೆಲೆ: ಲೆಕ್ಕ ಮತ್ತು ಐತಿಹ್ಯ

ಬಿಟ್‌ಕಾಯಿನ್ 2009ರ ಜನವರಿ 3ರಂದು ಚಾಲನೆಗೆ ಬಂದಾಗ ಅದಕ್ಕೆ ಮಾರುಕಟ್ಟೆಯೂ ಇರಲಿಲ್ಲ, ಧಾರಣೆಯೂ ಇರಲಿಲ್ಲ. ಆದ್ದರಿಂದ ಅದರ ಮೊದಲ ಬೆಲೆಯನ್ನು ಅಂದಾಜಿನಿಂದಲೇ ಕಟ್ಟಿಕೊಳ್ಳಬೇಕಾಗುತ್ತದೆ. ಇದಕ್ಕೆ ಎರಡು ಆಕರಗಳು ಮುಖ್ಯವಾದವು.

ಮೊದಲನೆಯದು, 2009ರ ಅಕ್ಟೋಬರ್ 5ರ ‘ನ್ಯೂ ಲಿಬರ್ಟಿ ಸ್ಟ್ಯಾಂಡರ್ಡ್’ ದರ: ಒಂದು ಡಾಲರಿಗೆ 1,309.03 ನಾಣ್ಯಗಳು. ಗಣಕಯಂತ್ರವು ನಾಣ್ಯ ಗಳಿಸಲು ಬಳಸುವ ವಿದ್ಯುತ್ತಿನ ವೆಚ್ಚವೇ ಈ ದರಕ್ಕೆ ಆಧಾರ. ಎರಡನೆಯದು, 2010ರ ಮೇ 22ರಂದು ಅಮೆರಿಕದ ಫ್ಲಾರಿಡಾದಲ್ಲಿ ಎರಡು ಪಿಟ್ಜಾಗಳಿಗೆ 10,000 ನಾಣ್ಯ ತೆತ್ತ ಪ್ರಸಂಗ. ಆ ನಾಣ್ಯಗಳ ಅಂದಿನ ಮೌಲ್ಯವನ್ನು ಸುಮಾರು 41 ಡಾಲರ್ ಎಂದು ಎಣಿಸಲಾಗುತ್ತದೆ. ಈ ಪ್ರಸಂಗವು ಇಂದು ವಾರ್ಷಿಕ ಆಚರಣೆಯುಳ್ಳ ಐತಿಹ್ಯವಾಗಿ ಬೆಳೆದಿದೆ.

ಎರಡು ದರಗಳ ಅಂತರ ಐದು ಪಟ್ಟಿಗೂ ಹೆಚ್ಚು. ದೀರ್ಘಾವಧಿಯ ಬೆಳವಣಿಗೆಯನ್ನು ವಿವರಿಸುವ ಘಾತ ನಿಯಮದ ಮಾದರಿಯು ಕಾಲ ಹಾಗೂ ಬೆಲೆಗಳೆರಡನ್ನೂ ಲಘುಗಣಕ ಪ್ರಮಾಣದಲ್ಲಿಟ್ಟು ಸರಳರೇಖೆ ಎಳೆಯುತ್ತದೆ. ಈ ಪ್ರಮಾಣದಲ್ಲಿ ಮೊದಲ ಕೆಲವು ತಿಂಗಳುಗಳು ನಂತರದ ಹಲವು ವರ್ಷಗಳಷ್ಟೇ ಜಾಗ ಪಡೆಯುತ್ತವೆ. ಹೀಗಾಗಿ ಆರಂಭದ ಬಿಂದುಗಳನ್ನು ಮೇಲಕ್ಕೆ ಸರಿಸಿದರೆ ರೇಖೆಯ ಏರು ತಗ್ಗುತ್ತದೆ, ಅದು ಸೂಚಿಸುವ ಭವಿಷ್ಯದ ಬೆಲೆಯೂ ತಗ್ಗುತ್ತದೆ.

ಇದರ ಪರಿಣಾಮ ಜನರ ಉಳಿತಾಯಕ್ಕೆ ತಟ್ಟುವಂಥದು. ನಾಣ್ಯದ ವಿರಳತೆಯನ್ನೇ ಬೆಲೆಯ ಕಾರಣವೆಂದು ಹಿಡಿದ 2019ರ ಮಾದರಿಯೊಂದರ ಪ್ರತಿಪಾದಕರು 2021ರ ಕೊನೆಗೆ ಒಂದು ಲಕ್ಷ ಡಾಲರ್ ನಿರೀಕ್ಷಿಸಿದ್ದರು. ಆಗ ಬೆಲೆಯಿದ್ದುದು ಸುಮಾರು 46,000. 2022ರ ನವೆಂಬರಿನಲ್ಲಿ ಸುಮಾರು 16,000.

ಜಾನಪದ ಅಧ್ಯಯನದಲ್ಲಿ ಪಾಠಾಂತರಗಳನ್ನು ಹೋಲಿಸುವ ಮುನ್ನ ಅವುಗಳ ವಕ್ತೃ, ಸಂದರ್ಭ, ಉದ್ದೇಶಗಳನ್ನು ವಿಚಾರಿಸಲಾಗುತ್ತದೆ. ಬೆಲೆಯ ಮಾದರಿಗಳಿಗೂ ಇದೇ ವಿವೇಕ ಅಗತ್ಯ. ವೆಚ್ಚದ ಲೆಕ್ಕ, ವಿನಿಮಯದ ದರ ಹಾಗೂ ಹೇಳುತ್ತ ಹೇಳುತ್ತ ಗಟ್ಟಿಯಾದ ಕಥನ, ಇವು ಮೂರನ್ನೂ ಒಂದೇ ರೇಖೆಯಲ್ಲಿ ಪೋಣಿಸುವ ಮುನ್ನ ಬೇರೆ ಬೇರೆಯಾಗಿ ಗುರುತಿಸಬೇಕಾಗುತ್ತದೆ.