ಕೊನೆಯ ಎರಡು ಸ್ಥಾನಗಳ ಲೆಕ್ಕ

ನಮ್ಮ ಆರ್‌ಸಿಬಿ 2017ರಲ್ಲೂ 2019ರಲ್ಲೂ ಐಪಿಎಲ್ ಪಟ್ಟಿಯ ಕಟ್ಟಕಡೆಗೆ ಇತ್ತು. ಏನಾಯಿತು? ಏನೂ ಇಲ್ಲ. ಮುಂದಿನ ವರ್ಷ ಮತ್ತೆ ಅದೇ ಟೂರ್ನಿ. ಹಲವು ಫುಟ್‌ಬಾಲ್ ಲೀಗ್‌ಗಳಲ್ಲಿ ಹಾಗಲ್ಲ, ಕೊನೆಗೆ ಬಂದವರು ಕೆಳಗಿನ ದರ್ಜೆಗೆ ಇಳಿಯಬೇಕು. ಇದಕ್ಕೆ ರೆಲಿಗೇಶನ್ ಎನ್ನುತ್ತಾರೆ. ಹಾಗಲವಾಡಿಯ ಗೆಳೆಯರಿಗೆ ಇದನ್ನು ಹೇಳಿದರೆ "ಫೇಲ್ ಆದ ಹಾಗಾ?" ಎಂದು ಕೇಳುತ್ತಾರೆ. ಅದಕ್ಕಿಂತ ಕಷ್ಟ. ಫೇಲ್ ಆದವನು ಅದೇ ತರಗತಿಯಲ್ಲಿ ಕೂರುತ್ತಾನೆ. ಇದು ಸೆಕೆಂಡ್ ಪಿಯುಸಿಯಿಂದ ಎಬ್ಬಿಸಿ ಫಸ್ಟ್ ಪಿಯುಸಿಗೆ ಕಳಿಸಿದಂತೆ.

ಉದಾಹರಣೆಗೆ ಇಂಗ್ಲೆಂಡಿಗೆ ಹೋಗಬೇಕಿಲ್ಲ. ಎಸ್‌ಸಿ ಬೆಂಗಳೂರು ಕ್ಲಬ್ 2023–24ರ ಐ-ಲೀಗ್ 2 ಗೆದ್ದು ಐ-ಲೀಗ್‌ಗೆ ಏರಿತು. 2024–25ರಲ್ಲಿ ಅಲ್ಲಿ 12 ತಂಡಗಳಿದ್ದವು, ಪ್ರತಿ ತಂಡದೊಂದಿಗೆ ಎರಡು ಸಲ ಆಟ, ಒಟ್ಟು 22 ಪಂದ್ಯ. ಗೆದ್ದರೆ 3 ಅಂಕ, ಡ್ರಾ ಆದರೆ 1. ಕೊನೆಯ ಎರಡು ತಂಡಗಳು ಇಳಿಯಬೇಕಿತ್ತು.

ಇಲ್ಲಿ ಒಂದು ಲೆಕ್ಕವಿದೆ. ಮೂರು ಪಂದ್ಯ ಡ್ರಾ ಮಾಡಿಕೊಂಡವರಿಗೆ 3 ಅಂಕ. ಎರಡು ಸೋತು ಒಂದು ಗೆದ್ದವರಿಗೂ ಅಷ್ಟೇ. ಆದ್ದರಿಂದ ಸೋಲದಿದ್ದರೆ ಸಾಕು ಎಂದು ಆಡುವ ತಂಡ ಮೇಲೇಳುವುದು ಕಷ್ಟ. ತಳದ ಎರಡು ತಂಡಗಳೇ ಎದುರಾದರೆ ಆ ಪಂದ್ಯದ ಬೆಲೆ ಎರಡರಷ್ಟು: ನಮಗೆ 3 ಸಿಗುತ್ತದೆ, ನಮ್ಮನ್ನು ಕೆಳಗೆ ತಳ್ಳಬೇಕಾದವನಿಗೆ ಅದೇ 3 ತಪ್ಪುತ್ತದೆ.

2024–25ರ ಕೊನೆಗೆ ಎಸ್‌ಸಿ ಬೆಂಗಳೂರು ಮತ್ತು ಡೆಲ್ಲಿ ಎಫ್‌ಸಿ ಇಳಿದವು. 2017ರ ಚಾಂಪಿಯನ್ ಐಜ್ವಾಲ್ ತಳದ ಹತ್ತಿರವೇ ಇದ್ದರೂ ಉಳಿದುಕೊಂಡಿತು. ಕಪ್ ಯಾರದೆಂಬ ಜಗಳ ಸ್ವಿಟ್ಜರ್ಲೆಂಡಿನ ಕ್ರೀಡಾ ನ್ಯಾಯಾಲಯದವರೆಗೆ ಹೋಗಿ ಇಂಟರ್ ಕಾಶಿ ಪಾಲಾಯಿತು. ಸುದ್ದಿಯಾದದ್ದು ಅದೇ.

ಕಾಮರ್ಸ್ ವಿದ್ಯಾರ್ಥಿಯಾಗಿ ನನಗೆ ಕಾಣುವುದು ಬೇರೆ. ಕ್ಲಬ್ ಕೆಳಗಿಳಿದರೆ ಪ್ರಾಯೋಜಕರು ಹಿಂಜರಿಯುತ್ತಾರೆ, ಆದಾಯ ಕುಸಿಯುತ್ತದೆ. ಆದರೆ ಒಪ್ಪಂದ ಉಳಿದಿರುವ ಆಟಗಾರರ ಸಂಬಳ ಹೊಣೆಯಾಗಿಯೇ ಇರುತ್ತದೆ. ಪ್ರೀಮಿಯರ್ ಲೀಗ್‌ನಿಂದ ಬಿದ್ದ ಕ್ಲಬ್‌ಗಳಿಗೆ ಇಂಗ್ಲೆಂಡಿನಲ್ಲಿ ಕೆಲವು ವರ್ಷ 'ಪ್ಯಾರಾಶೂಟ್' ಹಣ ಕೊಡುತ್ತಾರೆ. ಹೆಸರು ಚೆನ್ನಾಗಿದೆ!

ಅದೇ ಋತುವಿನಲ್ಲಿ ಐ-ಲೀಗ್‌ಗಿಂತ ಮೇಲಿನ ಐಎಸ್‌ಎಲ್‌ನಲ್ಲಿ ಕೋಲ್ಕತ್ತದ ಮೊಹಮ್ಮಡನ್ ಸ್ಪೋರ್ಟಿಂಗ್ 13 ತಂಡಗಳಲ್ಲಿ 13ನೆಯದಾಯಿತು. 1891ರ ಆ ಕ್ಲಬ್ ನನಗೂ ಅಚ್ಚುಮೆಚ್ಚು. ಅದು ಇಳಿಯಲಿಲ್ಲ, ಏಕೆಂದರೆ ಐಎಸ್‌ಎಲ್‌ನಲ್ಲಿ ರೆಲಿಗೇಶನ್ ಇರಲಿಲ್ಲ. ಆಗ ಬಡ ಕ್ಲಬ್‌ಗಳ ಲೀಗ್‌ಗೆ ಮಾತ್ರ ಈ ನಿಯಮ ಏಕಿತ್ತು ಎಂಬುದಕ್ಕೆ ಒಪ್ಪುವ ಉತ್ತರ ನನಗಿನ್ನೂ ಸಿಕ್ಕಿಲ್ಲ.