ಫಿಟ್ಸ್ ಗುಳಿಗೆಯ ಕಂಪನಿ ಬದಲಾದರೆ ಅಪಾಯವೇ?

ಹುಬ್ಬಳ್ಳಿಯ ಕಿಮ್ಸ್‌ನಲ್ಲೋ ಧಾರವಾಡದ ಡಿಮ್ಹಾನ್ಸ್‌ನಲ್ಲೋ ತೋರಿಸಿಕೊಂಡು ಜನೌಷಧಿ ಕೇಂದ್ರಕ್ಕೆ ಬರುವ ಮೂರ್ಛೆರೋಗಿಗಳು ಬೇರೆ ಕಂಪನಿಯ ಗುಳಿಗೆ ಕಂಡು ಅಂಜುವುದು ಸಹಜ. ಬೈಕ್ ಮೇಲಿದ್ದಾಗ, ಒಲೆಯ ಮುಂದೆ ಕೂತಾಗ ಒಂದೇ ಒಂದು ಫಿಟ್ಸ್ ಬಂದರೂ ಜೀವಕ್ಕೆ ಕುತ್ತು. ಆದರೆ ಎಲ್ಲಿ ಅಂಜಬೇಕು ಎಂಬುದು ತಿಳಿದಿರಬೇಕು.

ತಪ್ಪು ಕಲ್ಪನೆ: ಅಗ್ಗದ ಗುಳಿಗೆಯಲ್ಲಿ ಔಷಧ ಶೇ 80ರಷ್ಟೇ ಇರುತ್ತದೆ.

ವಾಸ್ತವ: ಜೆನೆರಿಕ್, ಅಂದರೆ ಮೂಲ ಬ್ರ್ಯಾಂಡಿನ ಔಷಧವನ್ನೇ ಬೇರೆ ಕಂಪನಿ ತಯಾರಿಸಿದ ಗುಳಿಗೆಗೆ ಇರುವ ಶೇ ‘80ರಿಂದ 125’ ಎಂಬ ಮಿತಿ ಗುಳಿಗೆಯಲ್ಲಿರುವ ಔಷಧದ ಪ್ರಮಾಣವಲ್ಲ. ಮೂಲ ಬ್ರ್ಯಾಂಡ್, ಜೆನೆರಿಕ್ ಎರಡೂ ಗುಳಿಗೆ ಕೊಟ್ಟು, ರಕ್ತಕ್ಕೆ ಸೇರಿದ ಔಷಧವನ್ನು ಹೋಲಿಸುವಾಗ ಲೆಕ್ಕದ ಏರುಪೇರೆಲ್ಲ ಸೇರಿ ಈ ಮಿತಿಯೊಳಗೇ ಇರಬೇಕು. ಹಾಗಾಗಿ ಸರಾಸರಿ ವ್ಯತ್ಯಾಸ ಸಾಮಾನ್ಯವಾಗಿ ತೀರಾ ಕಡಿಮೆ. ಅಮೆರಿಕದಲ್ಲಿ ಮೂರ್ಛೆರೋಗಿಗಳಿಗೇ ಎರಡು ಬೇರೆ ಬೇರೆ ಜೆನೆರಿಕ್ ಲ್ಯಾಮೋಟ್ರಿಜಿನ್ ಅದಲುಬದಲು ಕೊಟ್ಟು ನೋಡಿದ ಅಧ್ಯಯನ 2016ರಲ್ಲಿ ಪ್ರಕಟವಾಯಿತು. ರಕ್ತದಲ್ಲಿನ ಮಟ್ಟ ಎರಡರಲ್ಲೂ ಸಮನಾಗಿತ್ತು. ನಮ್ಮಲ್ಲಿ ಸುಲಭವಾಗಿ ಕರಗದ ಔಷಧಗಳ ತಯಾರಿಕಾ ಲೈಸೆನ್ಸ್‌ಗೆ ಇಂಥ ಪರೀಕ್ಷೆ ಕಡ್ಡಾಯವಾದದ್ದು 2017ರಲ್ಲಿ, ತಡವಾಗಿಯೇ.

ತಪ್ಪು ಕಲ್ಪನೆ: ನಾನು ನುಂಗುವುದು ಬ್ರ್ಯಾಂಡ್, ಜೆನೆರಿಕ್ ಅಲ್ಲ.

ವಾಸ್ತವ: ಲೆವೆಟಿರಾಸಿಟಮ್ ಇರುವ ಲೆವಿಪಿಲ್ ಕೂಡ ಜೆನೆರಿಕ್ಕೇ. ಆ ಔಷಧದ ಮೂಲ ಬ್ರ್ಯಾಂಡ್ ಕೆಪ್ರಾ.

ತಪ್ಪು ಕಲ್ಪನೆ: ಹಾಗಾದರೆ ತಿಂಗಳಿಗೊಂದು ಕಂಪನಿಯದು ತಗೊಂಡರೂ ನಡೆಯುತ್ತದೆ.

ವಾಸ್ತವ: ಎಚ್ಚರ ಬೇಕಾದದ್ದು ಇಲ್ಲೇ. ಫೆನಿಟೋಯಿನ್ ಒಂದು ಮಟ್ಟ ದಾಟಿದರೆ ಅದನ್ನು ಹೊರಹಾಕುವ ಲಿವರ್‌ನ ಶಕ್ತಿ ಸಾಲದಾಗುತ್ತದೆ. ಡೋಸ್ ಚೂರು ಏರಿದರೂ ರಕ್ತದ ಮಟ್ಟ ಬಹಳ ಏರುತ್ತದೆ. 1968ರ ಸುಮಾರಿಗೆ ಆಸ್ಟ್ರೇಲಿಯಾದಲ್ಲಿ ಫೆನಿಟೋಯಿನ್ ಕ್ಯಾಪ್ಸೂಲ್‌ಗೆ ತುಂಬುವ ಪುಡಿಯನ್ನು ಕ್ಯಾಲ್ಸಿಯಂ ಸಲ್ಫೇಟ್‌ನಿಂದ ಲ್ಯಾಕ್ಟೋಸ್‌ಗೆ ಬದಲಿಸಿದ್ದರು. ಔಷಧ ಅಷ್ಟೇ ಇದ್ದರೂ ಹಲವರಿಗೆ ಅದು ವಿಷವಾಗಿ ಪರಿಣಮಿಸಿತು. ಬ್ರಿಟನ್ನಿನ ಔಷಧ ನಿಯಂತ್ರಣ ಸಂಸ್ಥೆ 2013ರಲ್ಲಿ ಫೆನಿಟೋಯಿನ್, ಕಾರ್ಬಮಜೆಪಿನ್, ಫಿನೋಬಾರ್ಬಿಟೋನ್, ಪ್ರಿಮಿಡೋನ್ ತೆಗೆದುಕೊಳ್ಳುವವರು ಒಂದೇ ತಯಾರಕರ ಔಷಧಕ್ಕೆ ಅಂಟಿಕೊಳ್ಳಬೇಕೆಂದು ಹೇಳಿತು. ವಾಲ್‌ಪ್ರೊಯೇಟ್, ಲ್ಯಾಮೋಟ್ರಿಜಿನ್‌ಗೆ ವೈದ್ಯರ ವಿವೇಚನೆ ಸಾಕು. ಲೆವೆಟಿರಾಸಿಟಮ್‌ಗೆ ಸಾಮಾನ್ಯವಾಗಿ ಆ ಕಟ್ಟುನಿಟ್ಟು ಬೇಡ. ನಮಗೂ ಇದು ಒಳ್ಳೆಯ ದಾರಿಯೆಂದೇ ನನ್ನ ಅಭಿಪ್ರಾಯ.

ಸಾದಾ ಗುಳಿಗೆಯ ಬದಲು ನಿಧಾನವಾಗಿ ಬಿಡುಗಡೆಯಾಗುವ ಸಿಆರ್ ಗುಳಿಗೆ ಕೈಗೆ ಬಂದರೆ ಅದು ಬರೀ ಕಂಪನಿಯ ಬದಲಾವಣೆಯಲ್ಲ. ಪಟ್ಟಿಯ ಮೇಲಿನ ಔಷಧದ ಹೆಸರು, ಮಿಲಿಗ್ರಾಂ, ‘ಸಿಆರ್’ ಗುರುತು ಮೂರನ್ನೂ ಹಳೆಯ ಪಟ್ಟಿಯೊಂದಿಗೆ ಹೋಲಿಸಿ ನೋಡಿ. ಬದಲಿಸುವ ಮೊದಲು ಡಾಕ್ಟರಿಗೆ ತಿಳಿಸಿ. ತಲೆಸುತ್ತು, ತೂಕಡಿಕೆ ಹೆಚ್ಚಾದರೆ ಅಥವಾ ಫಿಟ್ಸ್ ಬಂದರೆ ತಕ್ಷಣ ತೋರಿಸಿ. ದುಬಾರಿಯೆಂದೋ, ಅಂಜಿಕೆಯಿಂದಲೋ ಗುಳಿಗೆಯನ್ನು ಮಾತ್ರ ಒಮ್ಮೆಲೇ ನಿಲ್ಲಿಸಬೇಡಿ. ಹಾಗೆ ನಿಲ್ಲಿಸಿದರೆ ಬಿಡದೆ ಬರುವ ಫಿಟ್ಸ್ ಪ್ರಾಣವನ್ನೇ ತೆಗೆಯಬಹುದು.